ಕಬ್ಬಿನ ಡಬ್ಬಿ, ಸೀರೆಯ ಸೆರಗು

ಪ್ರಶ್ನೆ: ಗದ್ದನಕೇರಿ ಕ್ರಾಸ್ ಕಡೆಯಿಂದ ರಾತ್ರಿ ಬೈಕ್ ಮೇಲೆ ಬರುವಾಗ, ನಿಂತ ಕಬ್ಬಿನ ಟ್ರ್ಯಾಕ್ಟರ್ ತೀರಾ ಸಮೀಪ ಬರುವತನಕ ಕಾಣುವುದೇ ಇಲ್ಲ. ಕಣ್ಣು ತೋರಿಸಬೇಕೇ?
– ಓದುಗ, ಬಾಗಲಕೋಟೆ

ಉತ್ತರ: ತೋರಿಸಿಕೊಳ್ಳಿ. ಆದರೆ ತಪ್ಪೆಲ್ಲ ಕಣ್ಣಿನದೇ ಅಲ್ಲ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಇದ್ದದ್ದು ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ 25 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲೂ ನಿಲ್ಲಲು ಮತ್ತೆ 20 ಮೀಟರ್ ಬೇಕು. ಡಿಮ್ ಲೈಟಿನ ಬೆಳಕು ಅಷ್ಟು ದೂರ ಮುಟ್ಟುವುದೇ ಕಷ್ಟ. ಕತ್ತಲಾದ ಮೇಲೆ 40ರ ಆಚೆ ಹೋಗಬೇಡಿ.

ಟ್ರ್ಯಾಕ್ಟರ್ ಮಾಲೀಕರಿಗೂ ಒಂದು ಮಾತು. ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಬೀಳಗಿ ಕಡೆಯ ಕಾರ್ಖಾನೆಗಳಿಗೆ ಎರಡೆರಡು ಡಬ್ಬಿ ಕಟ್ಟಿ ಹೊರಡುತ್ತೀರಿ. ಹಿಂದೆ ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಸೋಗೆ ಅದನ್ನು ಮುಚ್ಚಿರುತ್ತದೆ. ಹೊರಡುವ ಮುನ್ನ ಸೋಗೆ ಕತ್ತರಿಸಿ, ಪಟ್ಟಿಯ ಮೇಲಿನ ಮಣ್ಣು ಒರೆಸಿ. ಪಂಕ್ಚರ್ ಆದರೆ ಗಾಲಿಗೆ ಕಲ್ಲು ಕೊಡುತ್ತೀರಿ. ಹೋಗುವಾಗ ಆ ಕಲ್ಲನ್ನು ನಡುರಸ್ತೆಯಲ್ಲೇ ಬಿಡುತ್ತೀರಿ. ಮರುಗಳಿಗೆ ಬರುವ ಬೈಕಿನವನಿಗೆ ಅದೇ ಯಮ. ದಯವಿಟ್ಟು ಎತ್ತಿ ಬದಿಗೆ ಹಾಕಿ.

ಪ್ರಶ್ನೆ: ಅತ್ತೆಯವರು ಬೈಕ್ ಹಿಂದೆ ಕೂತಿದ್ದಾಗ ಸೆರಗು ಗಾಲಿಗೆ ಸಿಕ್ಕು ಬಿದ್ದರು. ಚಂದ ಕಾಣುವುದಿಲ್ಲವೆಂದು ಮಗ ಸೀರೆ ಗಾರ್ಡ್ ಬಿಚ್ಚಿಸಿದ್ದ.
– ಗೃಹಿಣಿ, ಇಳಕಲ್

ಉತ್ತರ: ಇವತ್ತೇ ಮತ್ತೆ ಹಾಕಿಸಿ. ಹಿಂದಿನ ಗಾಲಿಯ ಅರ್ಧಕ್ಕಾದರೂ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಸೀರೆಯೂರಿನಲ್ಲೇ ಅದನ್ನು ಬಿಚ್ಚಿಡುವುದು ನೋಡಿ ಸಂಕಟವಾಗುತ್ತದೆ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಕೂರಲಿ. ಹೀಗೆ ಬೀಳುವವರ ತಲೆಗೇ ಹೆಚ್ಚಾಗಿ ಪೆಟ್ಟು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು.

ಪ್ರಶ್ನೆ: ಬನಶಂಕರಿ ಜಾತ್ರೆಗೆ ಮನೆಮಂದಿಯೆಲ್ಲ ಟ್ರ್ಯಾಕ್ಟರಿನಲ್ಲೇ ಹೋಗುತ್ತೇವೆ. ವಿಮೆ ಇದೆ, ಸಾಲದೇ?
– ರೈತ, ಬಾದಾಮಿ ತಾಲ್ಲೂಕು

ಉತ್ತರ: ಸಾಲದು. ಕೃಷಿ ಕೆಲಸಕ್ಕೆಂದು ಮಾಡಿಸಿದ ವಿಮೆ ಡಬ್ಬಿಯಲ್ಲಿ ಕೂತವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿ ಬಂದವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲೇ ಹೇಳಿದೆ. ಡಬ್ಬಿ ಪಲ್ಟಿಯಾದರೆ ಪರಿಹಾರದ ಹೊರೆ ಕೊನೆಗೆ ಮಾಲೀಕನ ಹೊಲ, ಮನೆಯ ಮೇಲೆಯೇ ಬೀಳಬಹುದು. ಡಬ್ಬಿಗೆ ಹಿಡಿಯಲು ಕಂಬಿಯಿಲ್ಲ, ಸೀಟಿಲ್ಲ. ತಿರುವಿನಲ್ಲಿ ಒಂದು ಗಾಲಿ ಬದಿಗಿಳಿದರೆ ಮಕ್ಕಳೇ ಮೊದಲು ಹೊರಗೆ. ಬಸ್ಸಿಗೆ ಹೋಗಿ.

ಪ್ರಶ್ನೆ: ಹೆದ್ದಾರಿಯಲ್ಲಿ ಗಾಯಾಳುವನ್ನು ಕಂಡರೂ ಪೊಲೀಸ್, ಕೋರ್ಟಿನ ಭಯಕ್ಕೆ ಜನ ನಿಲ್ಲುವುದಿಲ್ಲ. ಸಹಾಯ ಮಾಡಿದವರಿಗೆ ರಕ್ಷಣೆ ಇದೆಯೇ?
– ಶಿಕ್ಷಕಿ, ಹುನಗುಂದ

ಉತ್ತರ: ಇದೆ. ಮೋಟಾರು ವಾಹನ ಕಾಯ್ದೆಯ 134ಎ ಕಲಂ 2019ರ ತಿದ್ದುಪಡಿಯಲ್ಲಿ ಬಂತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸಿಲ್ಲ. ಹೆಸರು, ವಿಳಾಸ ಕೊಡಲೇಬೇಕೆಂಬ ಒತ್ತಾಯವೂ ಇಲ್ಲ. 2025ರ ಮೇ ತಿಂಗಳಿಂದ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯೂ ಉಂಟು. 112 ಅಥವಾ 108ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಕುತ್ತಿಗೆ ಹೊರಳಿಸಬೇಡಿ, ನೀರು ಕುಡಿಸಬೇಡಿ. ರಕ್ತ ಹರಿಯುವ ಕಡೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ.