ಸೆಪ್ಟಿಕ್ ಟ್ಯಾಂಕಿಗೊಂದು ತಾರೀಖು ಬೇಕು

ಒಳಚರಂಡಿ ಬಾರದ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಮನೆ ಕಟ್ಟಿಕೊಂಡ ನಾವು ಸೆಪ್ಟಿಕ್ ಟ್ಯಾಂಕನ್ನು ನೆನೆಯುವುದು ಎರಡೇ ಸಲ. ಗುಂಡಿ ತೋಡಿಸುವಾಗ ಒಮ್ಮೆ, ಪಾಯಿಖಾನೆಯಲ್ಲಿ ನೀರು ಇಳಿಯದೆ ಮೇಲೇರಿದಾಗ ಇನ್ನೊಮ್ಮೆ. ನಡುವಿನ ವರ್ಷಗಳಲ್ಲಿ ಅದರ ಮುಚ್ಚಳದ ಮೇಲೆ ಟೈಲ್ಸ್ ಬಂದಿರುತ್ತದೆ, ಇಲ್ಲವೇ ಕಾರು ನಿಂತಿರುತ್ತದೆ. ಇಂಥ ಮನೆ ನಿಭಾಯಿಸಿದ ಅನುಭವದಿಂದ ನಾನು ಕಲಿತ ಪಾಠ ಒಂದೇ: ಈ ಟ್ಯಾಂಕು ತೊಂದರೆ ಕೊಟ್ಟಾಗ ನೋಡಿಕೊಳ್ಳುವಂಥದ್ದಲ್ಲ. ತೊಂದರೆ ಕಣ್ಣಿಗೆ ಬೀಳುವ ಹೊತ್ತಿಗೆ ಹಾಳಾಗಬೇಕಾದದ್ದು ಹಾಳಾಗಿರುತ್ತದೆ. ಆದ್ದರಿಂದ ಅದನ್ನು ಲಕ್ಷಣ ನೋಡಿ ಅಲ್ಲ, ತಾರೀಖು ನೋಡಿ ಖಾಲಿ ಮಾಡಿಸಬೇಕು.

ಕಾರಣ ಟ್ಯಾಂಕಿನ ಕೆಲಸದಲ್ಲೇ ಇದೆ. ‘ಟ್ಯಾಂಕ್ ಇನ್ನೂ ತುಂಬಿಲ್ಲ’ ಎಂದು ಸಮಾಧಾನ ಪಡುತ್ತೇವಲ್ಲ, ಸರಿಯಾಗಿ ಕಟ್ಟಿದ ಟ್ಯಾಂಕು ಸದಾ ತುಂಬಿಯೇ ಇರುತ್ತದೆ. ಒಳಗೆ ಎಷ್ಟು ನೀರು ಬಿತ್ತೋ ಅಷ್ಟೇ ನೀರು ಆಚೆಯ ಕೊಳವೆಯಿಂದ ಇಂಗುಗುಂಡಿಗೆ ಹೋಗುತ್ತದೆ. ಭಾರವಾದದ್ದು ತಳದಲ್ಲಿ ಗಸಿಯಾಗಿ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ತಿಳಿನೀರು ಮಾತ್ರ ಹೊರಗೆ ಹೋಗಬೇಕು. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಗಸಿಯನ್ನು ಒಂದಷ್ಟು ಕರಗಿಸುತ್ತವೆ, ಪೂರ್ತಿ ಅಲ್ಲ. ಕರಗದ ಗಸಿ ವರ್ಷದಿಂದ ವರ್ಷಕ್ಕೆ ಏರಿ ತಿಳಿನೀರಿನ ಜಾಗವನ್ನು ನುಂಗುತ್ತದೆ. ಗಸಿ ಮತ್ತು ಜಿಡ್ಡು ಸೇರಿ ಟ್ಯಾಂಕಿನ ಮೂರನೇ ಒಂದು ಭಾಗ ಆವರಿಸಿದರೆ, ಕೊಳಕು ಕೂರಲು ಸಮಯ ಸಾಲದೆ ನೀರಿನ ಜೊತೆ ಇಂಗುಗುಂಡಿಗೆ ಹರಿಯತೊಡಗುತ್ತದೆ. ಆಗಲೂ ಮನೆಯೊಳಗೆ ಏನೂ ಗೊತ್ತಾಗುವುದಿಲ್ಲ. ಇಂಗುಗುಂಡಿಯ ಸುತ್ತಲಿನ ಮಣ್ಣಿನ ರಂಧ್ರಗಳೆಲ್ಲ ಮುಚ್ಚಿಕೊಂಡ ಮೇಲೆಯೇ ನೀರು ಹಿಂದಕ್ಕೆ ಬರುವುದು. ಟ್ಯಾಂಕನ್ನು ಅರ್ಧ ದಿನದಲ್ಲಿ ಖಾಲಿ ಮಾಡಿಸಬಹುದು. ಕಟ್ಟಿಕೊಂಡ ಮಣ್ಣನ್ನು ಮಾತ್ರ ತೆರೆಸಲಾಗದು, ಹೊಸ ಗುಂಡಿಯನ್ನೇ ತೋಡಬೇಕು. ಎರಡು–ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಬೇಕೆಂಬ ರೂಢಿಯ ನಿಯಮದ ಹಿಂದೆ ಇರುವುದು ಈ ಲೆಕ್ಕವೇ.

‘ನಮ್ಮದು ಇಪ್ಪತ್ತು ವರ್ಷವಾಯಿತು, ಒಮ್ಮೆಯೂ ತೆಗೆಸಿಲ್ಲ, ಏನೂ ಆಗಿಲ್ಲ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಆ ಮಾತು ಟ್ಯಾಂಕಿನ ಆರೋಗ್ಯಕ್ಕೆ ಸಾಕ್ಷಿಯಲ್ಲ. ಬಹಳ ಕಡೆ ಸೆಪ್ಟಿಕ್ ಟ್ಯಾಂಕ್ ಅನ್ನಿಸಿಕೊಳ್ಳುವುದು ಸಿಮೆಂಟ್ ರಿಂಗ್ ಇಳಿಸಿದ, ತಳವೇ ಇಲ್ಲದ ಗುಂಡಿ. ಕೆಲವೆಡೆ ಹೊರಕೊಳವೆ ನೇರ ಮೋರಿಗೆ ಸೇರಿರುತ್ತದೆ. ಅಂಥಲ್ಲಿ ಮನೆಯವರಿಗೆ ತೊಂದರೆ ಕಾಣಿಸದು, ಕಾಣಿಸುವುದು ನೆರೆಯವರ ಬಾವಿಯಲ್ಲಿ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಸಾಗುತ್ತದೆ, ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಗುಂಡಿಯ ಹತ್ತಿರಕ್ಕೇ ಬರುತ್ತದೆ. ಅಲ್ಲಿ ಮನೆಗೊಂದು ಬಾವಿ, ಬಾವಿಗೊಂದು ಗುಂಡಿ ಪಕ್ಕಪಕ್ಕದಲ್ಲೇ ಇರುವಾಗ ಈ ಅಪಾಯವನ್ನು ಹಗುರವಾಗಿ ಕಾಣುವಂತಿಲ್ಲ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ವಾಸದ ಮನೆಯಿಂದ ಕನಿಷ್ಠ 6 ಮೀಟರ್ ದೂರವಿರಬೇಕೆಂದು ಸೆಪ್ಟಿಕ್ ಟ್ಯಾಂಕುಗಳಿಗೆಂದೇ ಇರುವ ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಸಂಹಿತೆ ಹೇಳುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಕಷ್ಟ ಕರಾವಳಿಯದಕ್ಕೆ ತದ್ವಿರುದ್ಧ. ಅಲ್ಲಿ ನೀರು ಇಂಗುವುದೇ ನಿಧಾನ, ಗಸಿಯೂ ಸೇರಿದರೆ ಗುಂಡಿ ಬೇಗ ಸೋಲುತ್ತದೆ.

ಇನ್ನೊಂದು ವಾದ, ಪುಡಿ ಹಾಕಿದರೆ ಸಾಕು ಎಂಬುದು. ಬ್ಯಾಕ್ಟೀರಿಯಾ ಪುಡಿ, ಬೆಲ್ಲ, ಯೀಸ್ಟ್, ಸಗಣಿನೀರು ಹೀಗೆ ಊರಿಗೊಂದು ಔಷಧ. ಟ್ಯಾಂಕಿಗೆ ಬೇಕಾದ ಜೀವಿಗಳು ಮಲದ ಜೊತೆ ದಿನವೂ ಬರುತ್ತಲೇ ಇರುತ್ತವೆ. ಅವು ಕರಗಿಸಲಾರದ ಮರಳನ್ನು, ನಾರನ್ನು, ಪ್ಲಾಸ್ಟಿಕ್ಕನ್ನು ಯಾವ ಪುಡಿಯೂ ಕರಗಿಸದು. ಹೊಸ ಜೀವಿಗಳನ್ನು ಕೊಂಡು ತರುವುದಕ್ಕಿಂತ ಇರುವವನ್ನು ಕೊಲ್ಲದಿರುವುದು ಮುಖ್ಯ. ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪೌಡರುಗಳನ್ನು ಧಾರಾಳವಾಗಿ ಸುರಿಯುವುದು ಬಿಡಬೇಕು. ಸ್ಯಾನಿಟರಿ ಪ್ಯಾಡ್, ಡಯಾಪರ್, ಕೂದಲು, ಒದ್ದೆ ಟಿಶ್ಯೂ, ಬಾಂಡಲಿಯಲ್ಲಿ ಉಳಿದ ಎಣ್ಣೆ ಇವಾವುವೂ ಒಳಗೆ ಹೋಗಬಾರದು. ತಾರಸಿಯ ಮಳೆನೀರನ್ನಂತೂ ಟ್ಯಾಂಕಿಗೆ ಸೇರಿಸಲೇಬಾರದು; ಒಂದು ಜೋರು ಮಳೆ ತಳದ ಗಸಿಯನ್ನು ಕದಡಿ ಇಂಗುಗುಂಡಿಗೆ ದಬ್ಬಲು ಸಾಕು.

‘ಸಕ್ಕಿಂಗ್ ಗಾಡಿಗೆ ಸುಮ್ಮನೆ ಯಾಕೆ ದುಡ್ಡು?’ ಎಂಬುದು ಕೊನೆಯ ಆಕ್ಷೇಪ. ಹೊಸ ಇಂಗುಗುಂಡಿಯ ಖರ್ಚಿನ ಮುಂದೆ ಅದು ಸಣ್ಣದು ಎಂಬುದು ಅರ್ಧ ಉತ್ತರ. ಉಳಿದರ್ಧ ಇನ್ನೂ ಮುಖ್ಯವಾದದ್ದು. ತಾರೀಖಿಗೆ ಸರಿಯಾಗಿ ತೆಗೆಸಿದರೆ ಗಸಿ ತೆಳ್ಳಗಿರುತ್ತದೆ, ಯಂತ್ರದ ಕೊಳವೆಯೇ ಎಳೆದುಕೊಳ್ಳುತ್ತದೆ. ಹದಿನೈದು ವರ್ಷ ಬಿಟ್ಟರೆ ಅದು ತಳದಲ್ಲಿ ಗಟ್ಟಿಯಾಗುತ್ತದೆ. ಆಗ ನೆಂಟರು ಬಂದ ಹೊತ್ತಿನ ಅವಸರದಲ್ಲಿ ಯಾರೋ ಒಬ್ಬರನ್ನು ಒಳಗಿಳಿಸುವ ಮಾತು ಬರುತ್ತದೆ. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದರ ಪ್ರಮಾಣ ಹೆಚ್ಚಿದಾಗ ಮೂಗು ವಾಸನೆಯನ್ನೇ ಗುರುತಿಸದಾಗುತ್ತದೆ. ಇಳಿದವನು ಕೂಗುವ ಮೊದಲೇ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಟ್ಯಾಂಕಿಗೆ ಇಳಿಸಬಾರದೆಂದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಹೇಳುತ್ತದೆ. ಅದು ನಗರಸಭೆಗೆ ಮಾತ್ರವಲ್ಲ, ಮನೆ ಯಜಮಾನನಿಗೂ ಅನ್ವಯಿಸುತ್ತದೆ. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆ ಹಣ ಯಾರ ಜೀವವನ್ನೂ ಮರಳಿಸದು. ಅಂಥ ಸಾವಿಗೆ ದಾರಿಯಾಗುವುದು ವರ್ಷಗಟ್ಟಲೆ ನಾವು ಮುಂದೂಡಿದ ಕೆಲಸವೇ. ತೆಗೆದ ಗಸಿ ಎಲ್ಲಿಗೆ ಹೋಗುತ್ತದೆಂದು ಕೇಳುವುದೂ ನಮ್ಮ ಜವಾಬ್ದಾರಿ. ದೇವನಹಳ್ಳಿಯಲ್ಲಿ 2015ರಿಂದ ಇದಕ್ಕೆಂದೇ ಸಂಸ್ಕರಣಾ ಘಟಕವಿದೆ, ಅಲ್ಲಿ ಗಸಿ ಗೊಬ್ಬರವಾಗುತ್ತದೆ. ನಮ್ಮ ಊರಿನ ಗಾಡಿ ಕೆರೆಯಂಗಳಕ್ಕೆ ಸುರಿದು ಬರುತ್ತಿದ್ದರೆ ಪಂಚಾಯಿತಿಯನ್ನು ಕೇಳಲೇಬೇಕು.

ಮಾಡಬೇಕಾದದ್ದು ಕಷ್ಟವಲ್ಲ. ಹೊಸ ಮನೆ ಕಟ್ಟುವವರು ಎರಡು ಕೋಣೆಯ, ತಳ ಭದ್ರವಿರುವ ಟ್ಯಾಂಕ್ ಕೇಳಿ. ಒಳಬರುವ, ಹೊರಹೋಗುವ ಎರಡೂ ಕಡೆ ಟಿ ಪೈಪ್ ಹಾಕಿಸಿ. ಗಾಳಿ ಕೊಳವೆಯನ್ನು ತಾರಸಿಗಿಂತ ಎತ್ತರಕ್ಕೆ ಒಯ್ದು ತುದಿಗೆ ಸೊಳ್ಳೆಬಲೆ ಕಟ್ಟಿಸಿ. ಮುಚ್ಚಳಕ್ಕೆ ಗಾಡಿಯ ಕೊಳವೆ ಮುಟ್ಟುವಂತಿರಲಿ. ಹಳೆಯ ಮನೆಯವರು ಮುಚ್ಚಳ ಎಲ್ಲಿದೆಯೆಂದು ಮೊದಲು ಪತ್ತೆ ಮಾಡಿ. ಮಳೆಗಾಲಕ್ಕೆ ಮುನ್ನ, ಬೇಸಿಗೆಯಲ್ಲೇ ತೆಗೆಸಿ. ತೆಗೆಸಿದ ತಾರೀಖನ್ನು ಮೀಟರ್ ಬೋರ್ಡಿನ ಪಕ್ಕ ಬರೆದಿಡಿ, ಮುಂದಿನ ತಾರೀಖನ್ನೂ ಕೆಳಗೇ ಬರೆಯಿರಿ. ಏನೇ ಅವಸರವಿದ್ದರೂ ಮನುಷ್ಯರನ್ನು ಟ್ಯಾಂಕಿಗೆ ಇಳಿಸಬೇಡಿ.