ಗಣಕಯಂತ್ರದ ಪರದೆ: ಚಿತ್ರದ ಸ್ಪಷ್ಟತೆಯನ್ನು ಅಳೆಯುವ ಬಗೆ

ವಿಜಯವಾಡ ಮತ್ತು ವಿಶಾಖಪಟ್ಟಣ ಆಂಧ್ರ ಪ್ರದೇಶದ ಎರಡು ದೊಡ್ಡ ನಗರಗಳು. ರೈಲುಮಾರ್ಗದಲ್ಲಿ ಇವುಗಳ ನಡುವಣ ಅಂತರ ಸುಮಾರು 350 ಕಿಲೋಮೀಟರು. ಈ ಎರಡು ಹೆಸರುಗಳನ್ನು ಗಣಕಯಂತ್ರದ ಪರದೆಯ ಮೇಲೆ ತೀರ ಸಣ್ಣ ಅಕ್ಷರಗಳಲ್ಲಿ ಮೂಡಿಸಿ ನೋಡಿರಿ. ಮೊದಲನೆಯದರಲ್ಲಿ ಒತ್ತಕ್ಷರವಿಲ್ಲ, ಸಾಧಾರಣ ಪರದೆಯಲ್ಲಿಯೂ ಅದನ್ನು ಓದಬಹುದು. ಎರಡನೆಯದರಲ್ಲಿ 'ಟ್ಟ' ಇದೆ. ತೆಲುಗಿನಲ್ಲಿ ಬರೆಯುವಂತೆ 'ವಿಶಾಖಪಟ್ನಂ' ಎಂದರೂ ಟಕಾರಕ್ಕೆ ನಕಾರದ ಒತ್ತು ತಪ್ಪಿದ್ದಲ್ಲ. ಸ್ಪಷ್ಟತೆ ಕುಂದಿದ ಪರದೆಯಲ್ಲಿ ಮೊದಲು ಕಲಸಿಹೋಗುವುದು ಈ ಒತ್ತು. ಎರಡು ಲಿಪಿಗಳೂ ಒಂದೇ ಮೂಲದಿಂದ ಬಂದವಾದುದರಿಂದ ತೊಡಕೂ ಎರಡಕ್ಕೂ ಸಮಾನವೇ.

ಪರದೆಯ ಚಿತ್ರವು ಸಾಲುಸಾಲಾಗಿ ಜೋಡಿಸಿದ ಬಿಂದುಗಳಿಂದ ಆದುದು. ಅಂಗಡಿಯವರು 1920 × 1080 ಎಂದು ಹೇಳುವುದು ಅಡ್ಡಕ್ಕೆ ಮತ್ತು ಉದ್ದಕ್ಕೆ ಇರುವ ಬಿಂದುಗಳ ಸಂಖ್ಯೆಯನ್ನು. ಈ ಸಂಖ್ಯೆಯೊಂದರಿಂದಲೇ ಸ್ಪಷ್ಟತೆಯನ್ನು ನಿರ್ಣಯಿಸುವುದು ಸರಿಯಲ್ಲ. ಒಂದು ಬಿಂದುವಿನಿಂದ ಮತ್ತೊಂದಕ್ಕೆ ಇರುವ ಅಂತರವೇ ಮುಖ್ಯವಾದುದು. ಇದನ್ನು ವಾಚಕರೇ ಅಳೆಯಬಹುದು. ಚಿತ್ರ ಮೂಡುವ ಭಾಗದ ಅಗಲವನ್ನು ಅಳತೆಪಟ್ಟಿಯಿಂದ ಮಿಲಿಮೀಟರುಗಳಲ್ಲಿ ಅಳೆದು, ಅಡ್ಡಸಾಲಿನ ಬಿಂದುಗಳ ಸಂಖ್ಯೆಯಿಂದ ಭಾಗಿಸಬೇಕು. 24 ಅಂಗುಲದ ಪರದೆಯ ಅಗಲ ಸುಮಾರು 531 ಮಿ.ಮೀ.; ಅದನ್ನು 1920ರಿಂದ ಭಾಗಿಸಿದರೆ 0.277 ಮಿ.ಮೀ. ಬರುತ್ತದೆ. ಅಷ್ಟೇ ಬಿಂದುಗಳುಳ್ಳ 32 ಅಂಗುಲದ ಪರದೆಯಲ್ಲಿ ಈ ಅಂತರ 0.369 ಮಿ.ಮೀ. ಆಗುತ್ತದೆ. ಪರದೆ ದೊಡ್ಡದಾಯಿತು, ಅಕ್ಷರದ ಅಂಚು ಒರಟಾಯಿತು. 1990ರ ದಶಕದ ಗಾಜಿನ ಕೊಳವೆಯ ಪರದೆಗಳ ಮೇಲೂ 0.28 ಮಿ.ಮೀ. ಎಂಬ ಅಂಕಿ ಸಾಮಾನ್ಯವಾಗಿ ಕಾಣುತ್ತಿತ್ತು. ಅಲ್ಲಿ ಅದು ಒಂದೇ ಬಣ್ಣದ ಎರಡು ಹೊಳಪುಚುಕ್ಕೆಗಳ ನಡುವಣ ಅಂತರ.

ನೋಡುವವನ ದೂರವನ್ನೂ ಗಣಿಸತಕ್ಕದ್ದು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಕೋನದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲುದು. 60 ಸೆಂಟಿಮೀಟರು ದೂರದಲ್ಲಿ ಇದು ಸುಮಾರು 0.17 ಮಿ.ಮೀ. ಆದುದರಿಂದ ಮೇಲೆ ಹೇಳಿದ 24 ಅಂಗುಲದ ಪರದೆಯ ಬಿಂದುಗಳು ಹತ್ತಿರ ಕುಳಿತವನಿಗೆ ತೋರುತ್ತವೆ. ಸುಮಾರು 95 ಸೆಂಟಿಮೀಟರು ಹಿಂದೆ ಸರಿದರೆ ಒಂದಾಗಿಬಿಡುತ್ತವೆ.

ಪ್ರಯೋಗಾಲಯಗಳಲ್ಲಿ ಇನ್ನೊಂದು ಕ್ರಮವಿದೆ. ಒತ್ತೊತ್ತಾಗಿ ಕಪ್ಪು, ಬಿಳಿ ಗೆರೆಗಳನ್ನು ಮೂಡಿಸಿ, ಬಿಳಿಯ ಹೊಳಪಿನಿಂದ ಕಪ್ಪಿನ ಹೊಳಪನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸುತ್ತಾರೆ. ಉತ್ತರ 1ಕ್ಕೆ ಸಮೀಪವಾದಷ್ಟೂ ಗೆರೆಗಳು ಖಚಿತ; ಸೊನ್ನೆಯಾದರೆ ಎಲ್ಲವೂ ಒಂದೇ ಬೂದುಬಣ್ಣ.

ಕರ್ನಾಟಕದ ರೈತರಿಗೆ ಇದು ದೂರದ ಮಾತಲ್ಲ. ಪಹಣಿಯು ಗಣಕಯಂತ್ರದಲ್ಲಿ ಸೇರಿರುವುದರಿಂದ, ಹೆಸರನ್ನು ಮೊದಲು ನೋಡಿ ಒಪ್ಪುವುದು ಪರದೆಯ ಮೇಲೆಯೇ. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಒಂದು ಸಣ್ಣ ಸೀಳು. ಅದು ಕಾಣದಿದ್ದರೆ 'ಧನ'ವು 'ದನ'ವಾಗುತ್ತದೆ. 3 ಮತ್ತು 8 ಅದಲುಬದಲಾದರೆ ಸರ್ವೆ ನಂಬರೇ ಬೇರೆ. ಚಪ್ಪಟೆ ಪರದೆಗಳಿಗೆ ತಮ್ಮದೇ ಆದ ಬಿಂದುಸಂಖ್ಯೆಯಿದ್ದು, ಬೇರೆ ಸಂಖ್ಯೆಗೆ ಹೊಂದಿಸಿದರೆ ಸಾಮಾನ್ಯವಾಗಿ ಅಕ್ಷರಗಳು ಮಸುಕಾಗುತ್ತವೆ. ಅಕ್ಷರ ಚಿಕ್ಕದೆನಿಸಿದಲ್ಲಿ ಆ ಸಂಖ್ಯೆಯನ್ನು ಇಳಿಸದೆ ಅಕ್ಷರದ ಗಾತ್ರವನ್ನೇ ಹೆಚ್ಚಿಸತಕ್ಕದ್ದು.