ದಾಲ್ಚಿನ್ನಿಯ ಕಷಾಯ: ಗುಣವೂ ಮಿತಿಯೂ

ನೆಗಡಿಯಾದಾಗ, ಮಳೆಗಾಲದ ಚಳಿಗೆ ಮೈ ನಡುಗಿದಾಗ, ಉಂಡದ್ದು ಅರಗದೆ ಹೊಟ್ಟೆ ಉಬ್ಬರಿಸಿದಾಗ ಕಷಾಯ ಕಾಸಿ ಕುಡಿಯುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಅದಕ್ಕೆ ಹಾಕುವ ಸಂಬಾರ ಪದಾರ್ಥಗಳಲ್ಲಿ ದಾಲ್ಚಿನ್ನಿಯೂ ಒಂದು. ಅಡಿಗೆಮನೆಯಲ್ಲಿ ಅದನ್ನು ನಾವು ಬರಿಯ 'ಚಕ್ಕೆ' ಎನ್ನುತ್ತೇವೆ. ಈ ಚಕ್ಕೆಯು ನೀರಿಗೆ ಏನನ್ನು ಕೊಡುತ್ತದೆ? ಅದರಿಂದ ದೇಹಕ್ಕೆ ಆಗುವ ಪ್ರಯೋಜನವೆಷ್ಟು? ಅದನ್ನು ಯಾವ ಮಿತಿಯಲ್ಲಿ ಕುಡಿಯಬೇಕು? ಇವನ್ನು ಇಲ್ಲಿ ವಿಚಾರಮಾಡೋಣ.

ತೊಗಟೆ ಮತ್ತು ಅದರ ತೈಲ

ದಾಲ್ಚಿನ್ನಿಯು ಒಂದು ನಿತ್ಯಹರಿದ್ವರ್ಣ ಮರದ ಒಳತೊಗಟೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸಿನಮೋಮಮ್ ವೀರಮ್ ಎಂದು ಹೆಸರು. ಶ್ರೀಲಂಕಾ ಹಾಗೂ ನಮ್ಮ ಪಶ್ಚಿಮ ಘಟ್ಟಗಳು ಇದರ ತವರು. ಎಳೆಯ ಕೊಂಬೆಗಳನ್ನು ಕಡಿದು, ಹೊರಸಿಪ್ಪೆಯನ್ನು ಹೆರೆದು, ಒಳತೊಗಟೆಯನ್ನು ಸುಲಿದು ಒಣಗಿಸುತ್ತಾರೆ. ಒಣಗುತ್ತ ಅದು ತಾನಾಗಿಯೇ ಸುರುಳಿಗೊಳ್ಳುತ್ತದೆ.

ತೊಗಟೆಯ ಪರಿಮಳಕ್ಕೆ ಕಾರಣ ಅದರಲ್ಲಿರುವ ಸುಗಂಧ ತೈಲ. ಈ ತೈಲದ ಮುಖ್ಯ ಘಟಕವಾದ ಸಿನಮಾಲ್ಡಿಹೈಡನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಡ್ಯೂಮಾ ಮತ್ತು ಪೆಲಿಗೊ ಅವರು 1834ರಲ್ಲಿ ಬೇರ್ಪಡಿಸಿದರು. ಇದರ ಒಂದು ಅಣುವಿನಲ್ಲಿ 9 ಇಂಗಾಲ, 8 ಜಲಜನಕ ಮತ್ತು 1 ಆಮ್ಲಜನಕದ ಪರಮಾಣುಗಳಿವೆ.

ಮುಚ್ಚಳವೇಕೆ?

ಸಿನಮಾಲ್ಡಿಹೈಡಿನ ಕುದಿಬಿಂದು ಸುಮಾರು 248 ಡಿಗ್ರಿ ಸೆಂಟಿಗ್ರೇಡ್, ನೀರಿನದು 100. ಹಾಗಿದ್ದರೆ ನೀರು ಕುದಿಯುವಾಗ ತೈಲವು ಪಾತ್ರೆಯಲ್ಲಿಯೇ ಉಳಿಯಬೇಕಲ್ಲವೇ? ಉಳಿಯುವುದಿಲ್ಲ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳನ್ನು ಒಟ್ಟಿಗೆ ಕಾಯಿಸಿದಾಗ, ಅವುಗಳ ಆವಿಯ ಒತ್ತಡಗಳು ಒಂದಕ್ಕೊಂದು ಕೂಡುತ್ತವೆ. ಆ ಮೊತ್ತವು ವಾಯುಮಂಡಲದ ಒತ್ತಡಕ್ಕೆ ಸಮವಾದೊಡನೆ ಮಿಶ್ರಣವು ಕುದಿಯತೊಡಗಿ, ನೀರಾವಿಯೊಡನೆ ತೈಲವೂ ಹೊರಡುತ್ತದೆ. ಕಾರ್ಖಾನೆಗಳಲ್ಲಿ ಸುಗಂಧ ತೈಲಗಳನ್ನು ಬಟ್ಟಿಯಿಳಿಸುವುದು ಇದೇ ತತ್ತ್ವದಿಂದ. ತೆರೆದ ಪಾತ್ರೆಯಲ್ಲಿ ಚಕ್ಕೆಯನ್ನು ಬಹಳ ಹೊತ್ತು ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ. ಕಷಾಯ ಮಾತ್ರ ಸಪ್ಪೆಯಾಗುತ್ತದೆ.

ಆಯುರ್ವೇದವು ಈ ಭೇದವನ್ನು ಗುರುತಿಸಿತ್ತು. ಮೂಲಿಕೆಯನ್ನು ನೀರಿನಲ್ಲಿ ಕುದಿಸಿ ಬತ್ತಿಸಿದರೆ ಅದು 'ಕ್ವಾಥ'. ಬಿಸಿನೀರನ್ನು ಹೊಯ್ದು ನೆನೆಯಿಟ್ಟು ಸೋಸಿದರೆ 'ಫಾಂಟ'. ಪರಿಮಳದ ದ್ರವ್ಯಗಳಿಗೆ ಎರಡನೆಯ ಕ್ರಮವೇ ಮೇಲು.

ಮಾಡುವ ಕ್ರಮ

ಸುಮಾರು 1 ಗ್ರಾಂ ಚಕ್ಕೆಯನ್ನು ತರಿತರಿಯಾಗಿ ಕುಟ್ಟಿ 200 ಮಿಲಿಲೀಟರ್ ನೀರಿಗೆ ಹಾಕಬೇಕು. ತೊಗಟೆ ಗಟ್ಟಿಯಾದುದರಿಂದ, ಮುಚ್ಚಳವಿಟ್ಟು ಸಣ್ಣ ಉರಿಯಲ್ಲಿ 5 ನಿಮಿಷ ಕಾಯಿಸಿ, ಕೆಳಗಿಳಿಸಿ, ಮುಚ್ಚಿದಂತೆಯೇ 10 ನಿಮಿಷ ಬಿಡಬೇಕು. ಅನಂತರ ಸೋಸಿ, ಬೇಕಾದರೆ ಬೆಲ್ಲವನ್ನು ಬೆರೆಸಬಹುದು. ಶುಂಠಿ, ಮೆಣಸುಗಳನ್ನು ಚಕ್ಕೆಯೊಡನೆಯೇ ಹಾಕುವುದುಂಟು. ಮುಚ್ಚಳದ ಒಳಮೈಗೆ ಅಂಟಿದ ಹನಿಗಳನ್ನು ಮೂಸಿನೋಡಿದರೆ ಮೇಲೆ ಹೇಳಿದ ತತ್ತ್ವವು ವಿದ್ಯಾರ್ಥಿಗಳಿಗೆ ಮನದಟ್ಟಾಗುತ್ತದೆ.

ಪರಂಪರೆಯ ಉಪಯೋಗಗಳು

ಆಯುರ್ವೇದದಲ್ಲಿ ದಾಲ್ಚಿನ್ನಿಗೆ 'ತ್ವಕ್' ಎಂದು ಹೆಸರು. ಏಲಕ್ಕಿ ಮತ್ತು ಪತ್ರೆಯೊಡನೆ ಸೇರಿ ಇದು 'ತ್ರಿಜಾತಕ'ವಾಗುತ್ತದೆ. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16 ಪಾಲು, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2 ಆದರೆ ತ್ವಕ್ ಕೇವಲ 1 ಪಾಲು. ಅಜೀರ್ಣ, ಓಕರಿಕೆ, ಬಾಯಿಯ ದುರ್ವಾಸನೆಗಳಿಗೂ ಚಕ್ಕೆಯನ್ನು ಬಳಸುತ್ತಿದ್ದರು. 2020ರ ಸಾಂಕ್ರಾಮಿಕದ ಕಾಲದಲ್ಲಿ ಭಾರತ ಸರ್ಕಾರದ ಆಯುಷ್ ಸಚಿವಾಲಯವು ಸೂಚಿಸಿದ ಕಷಾಯದ ಪುಡಿಯಲ್ಲಿ ತುಳಸಿ 4, ದಾಲ್ಚಿನ್ನಿ 2, ಶುಂಠಿ 2, ಕರಿಮೆಣಸು 1 ಪಾಲು ಇದ್ದುವು. ಈ ಎರಡು ಪಾಕಗಳಲ್ಲಿಯೂ ಚಕ್ಕೆಯ ಪಾಲು ಮಿತವಾಗಿಯೇ ಇದೆ ಎಂಬುದು ಗಮನಾರ್ಹ.

ಮಧುಮೇಹಕ್ಕೆ ಮದ್ದೇ?

2003ರಲ್ಲಿ ಪಾಕಿಸ್ತಾನದಲ್ಲಿ 60 ಮಂದಿ ಮಧುಮೇಹಿಗಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, ಚಕ್ಕೆಯನ್ನು 40 ದಿನ ಸೇವಿಸಿದವರ ರಕ್ತದ ಸಕ್ಕರೆ ಇಳಿದುದು ಕಂಡುಬಂದಿತು. ಅಂದಿನಿಂದ ಚಕ್ಕೆಯ ಕೀರ್ತಿ ಲೋಕದಲ್ಲೆಲ್ಲ ಹಬ್ಬಿತು. ಆದರೆ ಒಂದೇ ಪರೀಕ್ಷೆಯಿಂದ ವಿಜ್ಞಾನವು ತೀರ್ಪು ಕೊಡುವುದಿಲ್ಲ. ಕಾಕ್ರೇನ್ ಸಂಸ್ಥೆಯ ಪರಿಶೀಲಕರು 2012ರಲ್ಲಿ ಒಟ್ಟು 577 ಮಂದಿಯನ್ನು ಒಳಗೊಂಡ 10 ಪರೀಕ್ಷೆಗಳನ್ನು ಒರೆಗೆ ಹಚ್ಚಿ, ಮಧುಮೇಹಕ್ಕೆ ದಾಲ್ಚಿನ್ನಿಯನ್ನು ಬಳಸಲು ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿದರು. ಆದುದರಿಂದ ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಕಷಾಯವನ್ನೇ ನಂಬಿ ಕೂರುವುದು ಅಪಾಯಕರ.

ಒಂದು ಹೆಸರು, ಎರಡು ತೊಗಟೆ

'ದಾಲ್ಚಿನ್ನಿ' ಎಂಬುದು ಪಾರಸಿ ಭಾಷೆಯ 'ದಾರ್‌ಚೀನೀ' ಎಂಬುದರಿಂದ ಬಂದಿದೆ. ಚೀನಾದೇಶದ ಮರ ಎಂದು ಅದರ ಅರ್ಥ. ಚೀನಾದ ತೊಗಟೆಯಾದರೋ ಬೇರೆಯೇ ಜಾತಿಯದು, ಅದು ಕ್ಯಾಸಿಯ. ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ದಪ್ಪ ಚಕ್ಕೆ ಸಾಮಾನ್ಯವಾಗಿ ಕ್ಯಾಸಿಯ ಅಥವಾ ಅದರ ಸಮೀಪ ಜಾತಿಯದಾಗಿರುತ್ತದೆ. ನಿಜವಾದ ದಾಲ್ಚಿನ್ನಿಯು ಕಾಗದದಂತೆ ತೆಳುವಾದ ಹಲವು ಪದರಗಳ ಸುರುಳಿ, ತಿಳಿಕಂದು ಬಣ್ಣ, ಬೆರಳಿನಿಂದ ಮುರಿಯಬಹುದು. ಕ್ಯಾಸಿಯ ದಪ್ಪ, ಗಡುಸು, ಕೆಂಗಂದು, ಒಂದೇ ಪದರ.

ಈ ಭೇದವು ಬೆಲೆಗೆ ಮಾತ್ರ ಸಂಬಂಧಿಸಿದುದಲ್ಲ. ಕ್ಯಾಸಿಯದಲ್ಲಿ ಕೂಮರಿನ್ ಎಂಬ ವಸ್ತುವಿದೆ. ಅದರ ಅತಿಸೇವನೆಯಿಂದ ಕೆಲವರ ಯಕೃತ್ತಿಗೆ ಹಾನಿಯಾಗುತ್ತದೆ. ನಿಜವಾದ ದಾಲ್ಚಿನ್ನಿಯಲ್ಲಿ ಇದು ಅತ್ಯಲ್ಪ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.1 ಮಿಲಿಗ್ರಾಂ ಕೂಮರಿನ್ನನ್ನು ಮಿತಿಯೆಂದು ಗೊತ್ತುಪಡಿಸಿದೆ. ಅಂದರೆ 60 ಕಿಲೋ ತೂಕದವನಿಗೆ 6 ಮಿಲಿಗ್ರಾಂ. 1 ಗ್ರಾಂ ಕ್ಯಾಸಿಯ ಪುಡಿಯಲ್ಲಿ 3 ಮಿಲಿಗ್ರಾಂ ಕೂಮರಿನ್ ಇದೆಯೆಂದು ಹಿಡಿದರೆ, 2 ಗ್ರಾಮಿಗೇ ಆ ಮಿತಿ ಮುಟ್ಟಿತು. 30 ಕಿಲೋ ತೂಕದ ಬಾಲಕನಿಗೆ 1 ಗ್ರಾಂ ಸಾಕು. ಸೋಸಿದ ಕಷಾಯಕ್ಕೆ ಇದರ ಒಂದಂಶ ಮಾತ್ರ ಇಳಿಯುತ್ತದೆ. ಪುಡಿಯನ್ನೇ ಕದಡಿ ಕುಡಿದರೆ ಪೂರ್ತಿ ದೇಹವನ್ನು ಸೇರುತ್ತದೆ.

ಎಂದೋ ಒಮ್ಮೆ ಕುಡಿಯುವ ಒಂದು ಲೋಟದಿಂದ ಆರೋಗ್ಯವಂತರು ಅಂಜಬೇಕಾಗಿಲ್ಲ. ನಿತ್ಯವೂ ಕುಡಿಯುವವರು ತೆಳುಪದರದ ಚಕ್ಕೆಯನ್ನು ಆರಿಸಿಕೊಂಡು, ಮಿತವಾಗಿ ಬಳಸಿ, ಸೋಸಿ ಕುಡಿಯುವುದು ಒಳ್ಳೆಯದು. ಯಕೃತ್ತಿನ ರೋಗವುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಹಿರಿಯರಿಂದ ಬಂದ ಈ ಪಾನೀಯದಲ್ಲಿ ಹಿತವಿದೆ. ಅದನ್ನು ಅರಿತು, ಅಳೆದು ಬಳಸುವ ಹೊಣೆ ನಮ್ಮದು.